ಬಳಪದ ಗೀಟು

ನನ್ನ ಜೀಪು ಚೆನ್ನಾಗಿ ಓಡುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಎದುರು ಸಿಕ್ಕವರೆಲ್ಲ ಅದನ್ನೇ ಕೇಳುತ್ತಾರೆ. ಬೂದಿಕೋಟೆ ಪಕ್ಕದ ನಮ್ಮ ಊರಿನಿಂದ ಬಂಗಾರಪೇಟೆಗೆ ಹೋಗಿ, ಬೂಸಾ ಮೂಟೆ, ಹಿಂಡಿ ಮೂಟೆ ಹೇರಿಕೊಂಡು, ಬಿಸಿಲಿರಲಿ ಮಳೆಯಿರಲಿ ಎಲ್ಲೂ ಕೈಕೊಡದೆ ವಾಪಸ್ಸು ಬರುತ್ತದೆ. ಬಾನೆಟ್ ಎತ್ತಿದರೆ ಒಳಗೆ ಒಂದೇ ಒಂದು ಎಲೆಕ್ಟ್ರಾನಿಕ್ ಸಾಮಾನಿಲ್ಲ. ಇರುವುದೆಲ್ಲ ಕಣ್ಣಿಗೆ ಕಾಣುವಂಥದ್ದು, ಸ್ಪ್ಯಾನರಿಗೆ ಸಿಗುವಂಥದ್ದು. "ಯಾರು ಮಾಡಿಕೊಟ್ಟದ್ದು?" ಎಂದು ಕೇಳಿದಾಗ ಮಾತ್ರ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ಜೀಪು ನನ್ನ ಸೋದರಮಾವನದು. ಪೆಟ್ರೋಲ್ ಗಾಡಿ, ನನಗಿಂತ ವಯಸ್ಸಿನಲ್ಲಿ ದೊಡ್ಡದು. ಮಾವ ಬದುಕಿದ್ದಾಗ ಯಾರದೋ ಮಾತು ಕೇಳಿ, ತೆರೆದು ಮುಚ್ಚಿ ಕಿಡಿ ಹಾರಿಸುತ್ತಿದ್ದ ಅದರ ಹಳೇ ಪಾಯಿಂಟ್ ಕಿತ್ತುಹಾಕಿಸಿ, ಎಲೆಕ್ಟ್ರಾನಿಕ್ ಇಗ್ನಿಷನ್ ಎಂದು ಒಂದು ಕರೀ ಡಬ್ಬಿ ಕೂರಿಸಿದ್ದರು. ಎಂಜಿನ್ನಿನೊಳಗೆ ಕಿಡಿ ಯಾವಾಗ ಹಾರಬೇಕು ಎನ್ನುವುದನ್ನು ಆ ಡಬ್ಬಿ ನೋಡಿಕೊಳ್ಳುತ್ತಿತ್ತು. ನೋಡಿಕೊಳ್ಳುವಷ್ಟು ದಿನ ನೋಡಿಕೊಂಡಿತು. ಜೀಪು ನನ್ನ ಪಾಲಿಗೆ ಬಂದ ಮೇಲೆ ಬಿಸಿಲು ಹೆಚ್ಚಾದರೆ ನಿಂತಿತು, ಮಳೆ ಬಂದರೆ ನಿಂತಿತು, ಒಂದು ಸಲ ಬಂಗಾರಪೇಟೆ ರೈಲ್ವೆ ಗೇಟಿನ ಎದುರಿಗೇ ನಿಂತು ಹಿಂದಿನವರಿಂದ ಬೇಕಾದಷ್ಟು ಬೈಸಿತು. ಎರಡು ಡಬ್ಬಿ ಬದಲಾಯಿಸಿದೆ. ಮೂರನೆಯದು ಕೇಳಿದಾಗ ಬಂಗಾರಪೇಟೆಯ ಮೆಕ್ಯಾನಿಕ್ಕು, "ಈ ಮಾಡ್ಲು ಈಗ ಬರಲ್ಲಣ್ಣ, ಗುಜರಿಗೆ ಆಕ್ಬುಡು" ಎಂದ.

ಅದೇ ದಿನಗಳಲ್ಲಿ ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಸೂರ್ಯನಿಂದ ಏನೋ ಬಿರುಗಾಳಿ ಬೀಸಿದರೆ ಭೂಮಿಯ ಮೇಲಿನ ಎಲೆಕ್ಟ್ರಾನಿಕ್ ಸಾಮಾನೆಲ್ಲ ಒಂದೇ ಗಳಿಗೆಯಲ್ಲಿ ಸುಟ್ಟುಹೋಗುತ್ತದಂತೆ, ಆಗ ಹಳೇ ಪಾಯಿಂಟ್ ಗಾಡಿಗಳು ಮಾತ್ರ ಓಡುತ್ತವಂತೆ. ಅರ್ಧ ನಂಬಿದೆ, ಅರ್ಧ ನಂಬಲಿಲ್ಲ. ಆದರೆ ಟೀ ಅಂಗಡಿಯಲ್ಲಿ ಪೂರ್ತಿ ನಂಬಿದವನ ಹಾಗೆ ಮಾತಾಡಿದೆ. ನನ್ನ ದೊಡ್ಡಪ್ಪನ ಮಗ ಆಗಷ್ಟೇ ಹೊಸ ಪಿಕಪ್ ತಗೊಂಡಿದ್ದ, ಅವನ ಮುಂದೆ ನಾನೂ ಏನಾದರೂ ಆಡಬೇಕಿತ್ತಲ್ಲ. ಅವನು ನಕ್ಕು, "ಅಂಗಾದ್ರೆ ಸೂರ್ಯ ಸಿಡಿಯೋಗಂಟ ನಿನ್ ಜೀಪು ತಳ್ಕೊಂಡೇ ಓಡಾಡ್ಲಾ" ಎಂದ. ಅಂಗಡಿಯೆಲ್ಲ ನಕ್ಕಿತು. ಜೀಪನ್ನು ಪಾಯಿಂಟಿಗೆ ತಿರುಗಿಸಿಯೇ ತೀರುತ್ತೇನೆ ಎಂದು ಹಠ ಹಿಡಿದದ್ದು ಹೀಗೆ.

ಆಗ ಯಾರೋ ಉರಿಗಾಂನ ಮೇಸ್ತ್ರಿಯ ಹತ್ತಿರ ಹೋಗು ಎಂದರು. ಅಲ್ಲಿನ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಣಿ ನಿಂತ ಮೇಲೆ, ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯ ಬಾಗಿಲಲ್ಲೇ ಒಂದು ಮಣೆ ಹಾಕಿಕೊಂಡು, ಹಳೇ ಸ್ಕೂಟರು, ಮೊಪೆಡ್ಡು, ನೀರೆತ್ತುವ ಪೆಟ್ರೋಲ್ ಪಂಪು, ಒಟ್ಟಿನಲ್ಲಿ ಬೇರೆಯವರು ಬೇಡವೆಂದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದರು. ನಾನು ಜೀಪನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದಾಗ ಎಪ್ಪತ್ತು ದಾಟಿದ ಆ ಮನುಷ್ಯ ಬಾನೆಟ್ ಎತ್ತಿ, ಕರೀ ಡಬ್ಬಿಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರು.

"ಇದು ಕೆಟ್ಟದ್ದು ಅಂತ ನಾನು ಹೇಳಲ್ಲ ತಂಬಿ. ಒಳ್ಳೇದೇ. ಆದ್ರೆ ಇದಕ್ಕೆ ನೋವಾದ್ರೆ ಎಲ್ಲಿ ನೋವು ಅಂತ ಹೇಳಲ್ಲ ಪಾ. ಸುಮ್ನೆ ಸತ್ತೋಗ್ತದೆ. ಪಾಯಿಂಟ್ ಆದ್ರೆ ಸಾಯೋಕೆ ಮುಂಚೆ ಹತ್ತು ಸಲ ಕೂಗ್ತದೆ."

ತಂಬಿ ಎಂದರೆ ಅವರ ತಮಿಳಿನಲ್ಲಿ ತಮ್ಮ. ನನಗೆ ನಲವತ್ತೆರಡು ವರ್ಷ, ತಲೆ ಅರ್ಧ ನರೆತಿದೆ. ಆದರೂ ಮೊದಲ ದಿನದಿಂದ ನಾನು ಅವರಿಗೆ ತಂಬಿಯೇ.

ಕೆಲಸ ಎರಡು ಭಾನುವಾರ ಹಿಡಿಯಿತು. ಡಬ್ಬಿ, ಅದರ ವೈರು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಕೂತಿದ್ದ ಅದರ ಪ್ಲೇಟು ಎಲ್ಲ ತೆಗೆದು, ಎಲ್ಲಿಂದಲೋ ಹುಡುಕಿ ತಂದ ಪಾಯಿಂಟ್ ಮತ್ತು ಕಂಡೆನ್ಸರ್ ಕೂರಿಸಿದರು. ಪಾಯಿಂಟಿನ ಸಂದು ಅಳೆಯುವ ಗೇಜು ಅವರ ಹತ್ತಿರ ಇತ್ತು, ಆದರೂ ಅವರು ಬೆಂಕಿಪೊಟ್ಟಣದ ರಟ್ಟು ತೂರಿಸಿ ನೋಡಿ, ಆಮೇಲೆ ಗೇಜು ಹಾಕಿ, ಎರಡೂ ಒಂದೇ ಎಂದು ನನಗೆ ತೋರಿಸಿ ಮಕ್ಕಳ ಹಾಗೆ ಖುಷಿಪಟ್ಟರು. ಎರಡು ವೈರಿಗೆ ಒಂದು ಚಿಕ್ಕ ಬಲ್ಬು ಸಿಕ್ಕಿಸಿ, ಎಂಜಿನ್ನನ್ನು ಕೈಯಲ್ಲೇ ಇಷ್ಟಿಷ್ಟೇ ತಿರುಗಿಸಿ, ಪಾಯಿಂಟ್ ತೆರೆದ ಗಳಿಗೆಗೆ ಬಲ್ಬು ಹತ್ತುವುದನ್ನು ನೋಡಿ ಕಿಡಿಯ ಟೈಮಿಂಗ್ ಕಟ್ಟಿದರು. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದರೆ ಕಿಡಿ ಮುಂಚೆ, ಈಚೆ ತಿರುಗಿಸಿದರೆ ತಡ. ಅಷ್ಟೇ ವಿದ್ಯೆ, ಅಷ್ಟರಲ್ಲೇ ಎಲ್ಲ ಇದೆ ಎಂದರು.

ಆಮೇಲೆ ಹ್ಯಾಂಡಲ್ ಹಾಕಿದರು. ಜೀಪಿಗೆ ಸೆಲ್ಫ್ ಇತ್ತು, ಬ್ಯಾಟರಿಯೂ ಚೆನ್ನಾಗಿತ್ತು. ಆದರೆ ತಾವು ಮುಟ್ಟಿದ ಎಂಜಿನ್ನನ್ನು ಮೇಸ್ತ್ರಿ ಯಾವಾಗಲೂ ಮುಂದಿನಿಂದ ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸುತ್ತಿದ್ದರು. ಕೈಯಲ್ಲಿ ತಿರುಗಿಸಿದರೆ ಒಳಗಿನ ಬಿಗಿ ಎಷ್ಟು, ಸಡಿಲ ಎಷ್ಟು ಎಂದು ತೋಳಿಗೆ ಗೊತ್ತಾಗುತ್ತದಂತೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆ ಒಂದೇ ಕಡೆ ಇಡಬೇಕು ಎಂದು ನನಗೆ ಮೂರು ಸಲ ತೋರಿಸಿದರು. ಕಿಡಿ ತೀರಾ ಮುಂಚೆ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ತಿರುಗಿ ಬಂದು ಕೈ ಮುರಿಯುತ್ತದೆ ಎಂದೂ ಹೇಳಿದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಗೊತ್ತಿರಲಿಲ್ಲ ಎನ್ನಲು ನನಗೆ ಜಾಗವಿಲ್ಲ. ಎರಡನೇ ಸುತ್ತಿಗೆ ಎಂಜಿನ್ ಎದ್ದಿತು.

ಕೊನೆಗೆ ಜೇಬಿನಿಂದ ಒಂದು ಬಳಪದ ತುಂಡು ತೆಗೆದು, ಡಿಸ್ಟ್ರಿಬ್ಯೂಟರಿನ ಕತ್ತಿನಿಂದ ಎಂಜಿನ್ನಿನ ಮೈವರೆಗೆ ನೇರ ಒಂದು ಗೀಟು ಎಳೆದರು. ಗಣಿಯಲ್ಲಿ ಫಿಟ್ಟರುಗಳು ನಟ್ಟು ಬಿಗಿದ ಮೇಲೆ ಹಾಗೆ ಗೀಟು ಎಳೆದು ಹೋಗುತ್ತಿದ್ದರಂತೆ. ಮುಂದಿನ ಪಾಳಿಯವನು ದೀಪ ಹಿಡಿದು ನೋಡುವುದು ಗೀಟನ್ನು ಮಾತ್ರ. ನೇರ ಇದ್ದರೆ ಯಾರೂ ಮುಟ್ಟಿಲ್ಲ, ಮುರಿದಿದ್ದರೆ ಯಾರೋ ಮುಟ್ಟಿದ್ದಾರೆ.

"ಮುಟ್ಟಬಾರದು ಅಂತ ಇಲ್ಲ ತಂಬಿ. ಕೆಲಸ ಬಂದ್ರೆ ಮುಟ್ಟಲೇಬೇಕು. ಆದ್ರೆ ಗೀಟು ಮುರಿದೋನು ಗೀಟು ಎಳೆದೋನ ಹತ್ರ ಬಂದು ಬಾಯಿ ಬಿಟ್ಟು ಹೇಳಬೇಕು, ನಾನು ಮುಟ್ಟಿದೆ ಅಂತ. ಕೆಳಗಡೆ ನಾವು ಅಷ್ಟು ಜನ ಬದುಕಿದ್ದು ಅದರಿಂದ್ಲೇ."

ಬಳಪದ ತುಂಡನ್ನು ಜೀಪಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟು, ಇಲ್ಲೇ ಇರಲಿ ಎಂದರು. ಆವತ್ತು ಸಂಜೆ ಅವರನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಪಾನಿಪೂರಿ ತಿನ್ನಿಸಿದೆ. ನನ್ನ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಅವರಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನಾನು ಆ ವರ್ಷ ಬೇರೆ ನೋಡಲಿಲ್ಲ.

ಅಲ್ಲಿಂದ ಪ್ರತಿ ತಿಂಗಳು ಒಂದು ಭಾನುವಾರ ಜೀಪನ್ನು ಅವರ ಬಾಗಿಲಿಗೆ ತಗೊಂಡು ಹೋಗುತ್ತಿದ್ದೆ. ಅವರು ಬಗ್ಗಿ ಗೀಟು ನೋಡುವುದು, ಎಂಜಿನ್ ತಣ್ಣಗಾಗಲು ಬಿಡುವುದು, ಹ್ಯಾಂಡಲ್ ಹಾಕಿ ಎಬ್ಬಿಸುವುದು, ತಲೆಯಾಡಿಸುವುದು. ನನ್ನ ಜೀಪು ಓಡುವುದನ್ನು ನೋಡಿ ಇನ್ನೂ ಒಂದಷ್ಟು ಜನ ತಮ್ಮ ಹಳೇ ಗಾಡಿ ತಂದರು. ಅವರ ಬಾಗಿಲಲ್ಲಿ ಯಾವಾಗಲೂ ಎರಡು ಮೂರು ಗಾಡಿ ನಿಂತಿರುತ್ತಿದ್ದವು. ಅವರ ಹೆಂಡತಿ, "ಈಗ ಊಟಕ್ಕೂ ಕೂಗಿ ಕೂಗಿ ಕರೀಬೇಕು" ಎಂದು ನನ್ನನ್ನೇ ಬೈಯುವ ಹಾಗೆ ಬೈದು ನಗುತ್ತಿದ್ದರು.

ಇಷ್ಟರಲ್ಲಿ ಸುಮ್ಮನಿರಬಹುದಿತ್ತು. ಆದರೆ ನಮ್ಮೂರಿಗೆ ಮುಂಚೆ ನೀಲಗಿರಿ ತೋಪಿನ ಪಕ್ಕ ಒಂದು ಏರು ಇದೆ. ಮೂಟೆ ತುಂಬಿದಾಗ ಜೀಪು ಆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಒಂದು ದಿನ ದೊಡ್ಡಪ್ಪನ ಮಗ ಹಿಂದಿನಿಂದ ಹಾರ್ನ್ ಹೊಡೆದು, ನನ್ನನ್ನು ದಾಟಿ ಹೋಗುತ್ತಾ ಕಿಟಕಿಯಿಂದ ತಲೆ ಹಾಕಿ, "ಇಳ್ದು ತಳ್ಳ್ಬೇಕಾ?" ಎಂದು ಕೇಳಿದ. ಅಷ್ಟೇ. ಅಷ್ಟಕ್ಕೇ ನನ್ನ ಮೈ ಉರಿದುಹೋಯಿತು. ಕಿಡಿ ಸ್ವಲ್ಪ ಮುಂಚೆ ಹಾರಿದರೆ ಎಂಜಿನ್ನಿಗೆ ಎಳೆತ ಹೆಚ್ಚುತ್ತದೆ ಎಂದು ಮೇಸ್ತ್ರಿ ಮಾತಿನ ಮಧ್ಯೆ ಹೇಳಿದ್ದು ನೆನಪಿಗೆ ಬಂತು. ಮರುದಿನ ಹಟ್ಟಿಯ ಮುಂದೆ ಬಾನೆಟ್ ಎತ್ತಿ, ಬೋಲ್ಟು ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಎರಡು ಬೆಂಕಿಕಡ್ಡಿ ದಪ್ಪದಷ್ಟು ತಿರುಗಿಸಿ ಬಿಗಿದೆ. ಗೀಟು ಎರಡು ತುಂಡಾಯಿತು.

ಮೇಸ್ತ್ರಿ ನೋಡಿದರೆ ಕೇಳುತ್ತಾರೆ. ಕೇಳಿದರೆ ಏರಿನ ವಿಷಯ, ದಾಯಾದಿಯ ವಿಷಯ, ನನ್ನ ಚಿಕ್ಕತನ ಎಲ್ಲ ಹೇಳಬೇಕು. ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಗೀಟು ಒರೆಸಿಹಾಕಿ, ಗೂಡಿನಿಂದ ಅವರ ಬಳಪವನ್ನೇ ತೆಗೆದು, ಹೊಸ ಜಾಗಕ್ಕೆ ಸರಿಯಾಗಿ ನೇರವಾದ ಒಂದು ಗೀಟು ಎಳೆದೆ. ಮುಂದಿನ ಭಾನುವಾರದ ಒಳಗೆ ಹಿಂದಕ್ಕೆ ತಿರುಗಿಸಿಬಿಡುತ್ತೇನೆ ಎಂದುಕೊಂಡಿದ್ದೆ. ಜೀಪು ಮಾತ್ರ ಆ ಏರನ್ನು ಮೂಟೆ ಸಮೇತ ಸಲೀಸಾಗಿ ಹತ್ತಿತು. ಸೆಲ್ಫ್ ಹೊಡೆದಾಗ ಒಂದು ಗಳಿಗೆ ಯಾರೋ ಹಿಡಿದು ನಿಲ್ಲಿಸಿದ ಹಾಗೆ ತಡೆಯುತ್ತಿತ್ತು. ಗೊತ್ತಾಗಿತ್ತು, ಗೊತ್ತಾಗದವನ ಹಾಗೆ ಇದ್ದೆ. ದೊಡ್ಡಪ್ಪನ ಮಗನನ್ನು ಏರಿನಲ್ಲಿ ಹಿಂದೆ ಹಾಕಿದ ದಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಆ ಸಂಭ್ರಮದಲ್ಲಿ ಹಿಂದಕ್ಕೆ ತಿರುಗಿಸುವುದು ಮರೆತೇಹೋಯಿತು.

ಭಾನುವಾರ ಉರಿಗಾಂಗೆ ಹೋದೆ. ಮೇಸ್ತ್ರಿ ಎಂದಿನಂತೆ ಬಗ್ಗಿ ಗೀಟು ನೋಡಿದರು. "ನೇರ ಇದೆ" ಎಂದರು. ನಾನು ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಾ ನಿಂತಿದ್ದೆ, ನನಗೆ ಆಗಲೂ ನೆನಪಾಗಲಿಲ್ಲ. ಅವರು ಮುಂದೆ ಬಂದು ಹ್ಯಾಂಡಲ್ ತೂರಿಸಿದರು. ಹ್ಯಾಂಡಲ್ ಸಿಕ್ಕಿಕೊಂಡ ಕಟ್ ಎಂಬ ಸದ್ದು ಕೇಳಿದಾಗ ನೆನಪಾಯಿತು. "ಮೇಸ್ತ್ರಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎಳೆದಾಗಿತ್ತು. ಎಂಜಿನ್ ಒಂದೇ ಒಂದು ಸಲ ಒದೆಯಿತು. ಅವರು ಹೆಬ್ಬೆರಳನ್ನು ಸರಿಯಾಗಿಯೇ ಇಟ್ಟಿದ್ದರು, ಅದಕ್ಕೇ ಹ್ಯಾಂಡಲ್ ಅವರ ಹಿಡಿತದಿಂದ ಬಿಡಿಸಿಕೊಂಡಿತು; ಆದರೆ ಬಿಡಿಸಿಕೊಂಡದ್ದು ತಿರುಗಿ ಬಂದು ಮುಂಗೈಗೆ ಹೊಡೆಯಿತು. ಅವರು ಕೈಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತರು.

ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ನೋವಿನ ಮಧ್ಯೆ ಅವರು ಹೇಳಿದ್ದು ಒಂದೇ ಮಾತು.

"ಗೀಟು ನೇರ ಇತ್ತು ತಂಬಿ. ಅಂಗಾದ್ರೆ ನಾನು ಕಟ್ಟಿದ್ದೇ ತಪ್ಪು. ಕಣ್ಣು ಹೋಯ್ತು ನನಗೆ."

ನಾನು ರಸ್ತೆ ನೋಡುತ್ತಾ ಗಾಡಿ ಓಡಿಸಿದೆ. ಆಗ ಹೇಳಬಹುದಿತ್ತು. ಹಿಂದೆ ಅವರ ಹೆಂಡತಿ ಕೂತಿದ್ದರು, ಆ ತಾಯಿಯ ಎದುರಿಗೆ ನಾಲಿಗೆ ಹೊರಳಲಿಲ್ಲ. ಅವರನ್ನು ಎಕ್ಸ್‌ರೇಗೆ ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಏನು ಮಾಡಿದೆ ಎಂದು ಬರೆಯಲು ಈಗಲೂ ಕೈ ಬರುವುದಿಲ್ಲ. ಹೊರಗೆ ಬಂದು, ಮರದ ಕೆಳಗೆ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರನ್ನು ಮೊದಲಿನ ಜಾಗಕ್ಕೆ ತಿರುಗಿಸಿದೆ. ಗೀಟು ಒರೆಸಿದೆ. ಮತ್ತೆ ಎಳೆದೆ. ಕೈ ತೊಳೆದುಕೊಂಡು ಒಳಗೆ ಹೋಗಿ ಅವರ ಪಕ್ಕ ಕೂತೆ.

ಮುಂಗೈಯ ಮೂಳೆ ಮುರಿದಿತ್ತು. ಕಟ್ಟು ಹಾಕಿದರು. ವಾರ ಬಿಟ್ಟು ನೋಡಲು ಹೋದಾಗ ಮೇಸ್ತ್ರಿ ಮೊದಲು ಕೇಳಿದ್ದು, "ಟೈಮಿಂಗ್ ಎಷ್ಟು ತಪ್ಪಿತ್ತು, ಯಾರಿಗಾದ್ರೂ ತೋರಿಸಿದೆಯಾ?" ಎಂದು. ನಾನು ಯೋಚಿಸದೆ, "ಬಂಗಾರಪೇಟೆ ಮೆಕ್ಯಾನಿಕ್ಕು ನೋಡ್ದ ಮೇಸ್ತ್ರಿ. ಒಸಿ ಮುಂದಕ್ಕಿತ್ತಂತೆ" ಎಂದೆ. ಯಾವ ಮೆಕ್ಯಾನಿಕ್ಕೂ ನೋಡಿರಲಿಲ್ಲ. ಅವರು ಬಹಳ ಹೊತ್ತು ತಲೆಯಾಡಿಸಿದರು.

ಕಟ್ಟು ಬಿಚ್ಚಿದರು, ಕೈ ಕೂಡಿತು. ಮನುಷ್ಯ ಮಾತ್ರ ಕೂಡಲಿಲ್ಲ. ಗಾಡಿ ತಂದವರನ್ನೆಲ್ಲ, "ಬೇರೆ ಕಡೆ ಹೋಗು ಪಾ, ನನ್ನ ಕೈಯಿಂದ ನಿನಗೆ ತೊಂದರೆ ಬ್ಯಾಡ" ಎಂದು ಕಳಿಸಿದರು. ಬಾಗಿಲ ಮುಂದೆ ಒಂದು ಗಾಡಿಯೂ ನಿಲ್ಲದ ಹಾಗಾಯಿತು. ಒಂದು ದಿನ ನನ್ನನ್ನು ಕರೆದು, ಗೇಜು, ಚಿಕ್ಕ ಬಲ್ಬು, ಪಾಯಿಂಟ್ ಉಜ್ಜುವ ಅರ ಎಲ್ಲ ಇದ್ದ ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟರು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಅದಕ್ಕೆ ತಗೊಂಡೆ. ಅದು ಈಗಲೂ ನಮ್ಮ ಅಟ್ಟದ ಮೇಲಿದೆ.

ಇಷ್ಟಾದರೂ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ವಯಸ್ಸಾಗಿದೆ, ವಿಶ್ರಾಂತಿ ಸಿಕ್ಕಿತು ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವಷ್ಟು ಕೆಳಗೆ ಇಳಿದಿದ್ದೆ. ಒಂದು ಮಧ್ಯಾಹ್ನ ಅವರ ಹೆಂಡತಿ ಫೋನ್ ಮಾಡಿದರು. "ಸರಿಯಾಗಿ ಊಟ ಮಾಡ್ತಿಲ್ಲ. ಹಳೇದೆಲ್ಲ ಎತ್ಕೊಂಡು ಕೂತವ್ರೆ. ನೀನು ಬಂದು ಒಂದು ಮಾತು ಹೇಳಪ್ಪ, ನಿನ್ನ ಮಾತು ಕೇಳ್ತಾರೆ" ಎಂದರು.

ಹಳೆಯದು ಏನೆಂದು ಹೋದಾಗ ಗೊತ್ತಾಯಿತು. ಗಣಿಯ ದಿನಗಳಲ್ಲಿ, ಕೆಳಗೆ, ಇವರು ಬಿಗಿದು ಗೀಟು ಎಳೆದಿದ್ದ ಭಾರ ಎಳೆಯುವ ಒಂದು ವಿಂಚಿನ ಬ್ರೇಕು ಮುಂದಿನ ಪಾಳಿಯಲ್ಲಿ ಸಡಿಲಾಗಿ, ಜೊತೆಯವನೊಬ್ಬನ ಪಾದ ಜಜ್ಜಿಹೋಗಿತ್ತು. ಯಾರೋ ಮಧ್ಯದಲ್ಲಿ ಮುಟ್ಟಿ ಹೇಳದೆ ಹೋಗಿದ್ದಾರೆ ಎಂದು ಇವರು ಆಗ ಎಲ್ಲರೆದುರು ಪ್ರಮಾಣ ಮಾಡಿದ್ದರು. ಜನ ನಂಬಿದ್ದರು, ಯಾಕೆಂದರೆ ಇವರ ಗೀಟು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಪಾದ ಕಳಕೊಂಡವನೂ ನಂಬಿ, ಸಾಯುವವರೆಗೆ ಇವರ ಮನೆಗೆ ಬಂದುಹೋಗುತ್ತಿದ್ದನಂತೆ.

"ಈಗ ಅನ್ನಿಸ್ತದೆ ತಂಬಿ, ಅವತ್ತೂ ನಾನೇ ಇರಬೇಕು" ಎಂದರು ಮೇಸ್ತ್ರಿ. ಕೂಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. "ಅವನ ಎದುರು ಕೂತು ಅಷ್ಟು ವರ್ಷ ಊಟ ಮಾಡಿದೀನಿ ಪಾ."

ನಾನು ಮುರಿದದ್ದು ಅವರ ಮುಂಗೈಯನ್ನು ಮಾತ್ರ ಅಲ್ಲ ಎಂದು ಆಗ ತಿಳಿಯಿತು. ಹೇಳಿದೆ. ನಿಂತುಕೊಂಡೇ ಹೇಳಿದೆ. ಏರಿನಲ್ಲಿ ದಾಯಾದಿ ನಕ್ಕದ್ದು, ನಾನು ತಿರುಗಿಸಿದ್ದು, ಅವರ ಬಳಪದಿಂದ ಸುಳ್ಳು ಗೀಟು ಎಳೆದದ್ದು, ಆಸ್ಪತ್ರೆಯ ಹೊರಗೆ ಮತ್ತೆ ಸರಿಮಾಡಿದ್ದು. "ನಿಮ್ದು ಏನೂ ತಪ್ಪಿರ್ಲಿಲ್ಲ ಮೇಸ್ತ್ರಿ. ನೀವು ಕಟ್ಟಿದ್ದು ಸರೀಗೇ ಇತ್ತು. ಮುಟ್ಟಿದ್ದು ನಾನು" ಎಂದೆ. ನನ್ನ ಕಣ್ಣಲ್ಲಿ ನೀರು ಬಂತು.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, ಎಷ್ಟೋ ದಿನದ ಮೇಲೆ, ಸಣ್ಣಗೆ ನಕ್ಕರು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ ತಂಬಿ."

"ಸುಳ್ಳಲ್ಲ ಮೇಸ್ತ್ರಿ."

"ಮೆಕ್ಯಾನಿಕ್ ನೋಡಿ ಮುಂದೆ ಇತ್ತು ಅಂದ ಅಂತ ನೀನೇ ಬಂದು ಹೇಳಿದೆ. ಅವತ್ತು ಹೇಳಿದ್ದು ನಿಜ. ಇವತ್ತು ನನ್ನ ಸಂಕಟ ನೋಡೋಕಾಗದೆ ಹೇಳ್ತಿದೀಯ." ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಕೇಳಿದೆಯಾ ಇವನ ಮಾತು? ನನ್ನ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ತಾನೆ. ಹೊಟ್ಟೇಲಿ ಹುಟ್ಟಿದ ಮಕ್ಕಳು ಮಾಡ್ತಾರಾ ಇದನ್ನ?"

ಆ ತಾಯಿ ಬಾಗಿಲಿಗೆ ಬಂದು ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನನಗೆ ಎರಡೂ ಕೈ ಎತ್ತಿ ಮುಗಿದರು. ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಕೊಟ್ಟರು. ಆವತ್ತು ಮೇಸ್ತ್ರಿ ನನ್ನ ಜೊತೆ ಕೂತು ಎರಡು ತುತ್ತು ಊಟ ಮಾಡಿದರು. ತಮ್ಮ ಮೇಲೆಯೇ ಅವರಿಗಿದ್ದ ಅನುಮಾನ ಮಾತ್ರ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಪಾದ ಕಳಕೊಂಡವನ ಮನೆಗೆ ಹೋಗಿ ಅವನ ಮಗನ ಹತ್ತಿರ ಕ್ಷಮೆ ಕೇಳಿ ಬಂದರೆಂದು ಆಮೇಲೆ ಕೇಳಿದೆ. ಉರಿಗಾಂನ ಲೈನಿನಲ್ಲಿ ಈಗ ನನ್ನನ್ನು ಕಂಡರೆ ಜನ ಜಾಗ ಬಿಟ್ಟು ಕೂರಿಸುತ್ತಾರೆ. ಮೇಸ್ತ್ರಿಗಾಗಿ ತಪ್ಪು ಹೊತ್ತವನು ಎಂದು ಎಲ್ಲರಿಗೂ ಗೊತ್ತು.

ಆವತ್ತು ನಾನು ಇನ್ನೊಂದು ಸಲ ಹೇಳಬಹುದಿತ್ತು. ಅವರ ಕೈ ಹಿಡಿದು ಜೀಪಿನ ಹತ್ತಿರ ಕರೆದುಕೊಂಡು ಹೋಗಿ, ಎಷ್ಟು ತಿರುಗಿಸಿದ್ದೆ ಎಂದು ತಿರುಗಿಸಿಯೇ ತೋರಿಸಬಹುದಿತ್ತು. ಬಂಗಾರಪೇಟೆಯ ಮೆಕ್ಯಾನಿಕ್ಕಿಗೆ ಅಲ್ಲಿಂದಲೇ ಫೋನ್ ಮಾಡಿ, ನೀನು ನನ್ನ ಗಾಡಿ ನೋಡಿದೆಯಾ ಎಂದು ಅವರಿಗೆ ಕೇಳಿಸುವ ಹಾಗೆ ಕೇಳಬಹುದಿತ್ತು. ಫೋನು ಜೇಬಿನಲ್ಲೇ ಇತ್ತು. ನಾನು ಕಾಫಿ ಕುಡಿದೆ. ಅವರು ನನ್ನನ್ನು ನಂಬಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹಾಯೆನಿಸಿತ್ತು.